ಟೈಟಾನಿಯಂ ಯೋ-ಯೋಗೆ ಇಪ್ಪತ್ತೆರಡು ಸಾವಿರ ಕೊಟ್ಟರೆ ಆಟ ಸುಧಾರಿಸುತ್ತದಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದವನು, ಸಹಕಾರಿ ಸಂಘವೊಂದರಲ್ಲಿ ಕ್ಲರ್ಕ್. ಎರಡು ವರ್ಷದಿಂದ ಯೋ-ಯೋ ಆಡುತ್ತಿದ್ದೇನೆ. ಈಗಿರುವುದು 6061 ಎಂಬ ದರ್ಜೆಯ ಅಲ್ಯೂಮಿನಿಯಂನದ್ದು, ಎರಡು ಸಾವಿರ ಕೊಟ್ಟು ತರಿಸಿದ್ದು. ಬೈಂಡ್, ಅಂದರೆ ದಾರ ಸಿಕ್ಕಿಸಿ ಯೋ-ಯೋವನ್ನು ಕೈಗೆ ವಾಪಸ್ ತರುವುದು, ಸರಿಯಾಗಿ ಬರುತ್ತದೆ. ಟ್ರಪೀಜ್, ಡಬಲ್ ಆರ್ ನಥಿಂಗ್‌ನಂಥ ದಾರದ ಟ್ರಿಕ್ ಎಲ್ಲ ಆಗುತ್ತದೆ. ಆದರೆ ನಾಲ್ಕೈದು ಟ್ರಿಕ್ ಸೇರಿಸಿ ಆಡಲು ಹೊರಟರೆ ಅರ್ಧಕ್ಕೇ ತಿರುಗುವುದು ನಿಲ್ಲುತ್ತದೆ. ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ಒಳ್ಳೆಯದೊಂದು ತರುತ್ತೇನೆ ಎನ್ನುತ್ತಿದ್ದಾರೆ, ದುಡ್ಡು ನಾನೇ ಕೊಡಬೇಕು. ಟೈಟಾನಿಯಂನದ್ದಕ್ಕೆ ಹತ್ತಿರ ಹತ್ತಿರ 22,000 ರೂಪಾಯಿ. ಸ್ಟೀಲ್ ಬಳೆ ಇರುವ ಬೈಮೆಟಲ್‌ಗೆ 9,000. ಇಷ್ಟು ದುಡ್ಡಿಗೆ ನಿಜವಾಗಿ ಆಟದಲ್ಲಿ ವ್ಯತ್ಯಾಸ ಗೊತ್ತಾಗುತ್ತದಾ, ಅಥವಾ ಸುಮ್ನೆ ಹೆಸರಿಗೆ ಕೊಡುವ ದುಡ್ಡಾ?

ಉತ್ತರ: ಕಾಂಬೊ, ಅಂದರೆ ಸೇರಿಸಿ ಆಡುವ ಟ್ರಿಕ್‌ಗಳ ಸಾಲು, ಅರ್ಧಕ್ಕೆ ನಿಲ್ಲುವುದೇ ನಿಮ್ಮ ತೊಂದರೆಯಾದರೆ ಟೈಟಾನಿಯಂ ಬೇಡ. ಎರಡರಲ್ಲಿ ಒಂದು ತರಿಸಲೇಬೇಕು ಅಂತಿದ್ದರೆ ಬೈಮೆಟಲ್ ತರಿಸಿ. ಆದರೆ ಅದಕ್ಕೂ ಮುಂಚೆ ಈಗಿರುವುದರ ಬೇರಿಂಗ್ ತೊಳೆದು, ಹೊಸ ದಾರ ಹಾಕಿ ಒಂದು ವಾರ ಆಡಿ ನೋಡಿ. ಬೇರಿಂಗ್ ತುಕ್ಕು ಹಿಡಿದಿರುವಾಗ ಟೈಟಾನಿಯಂ ಹುಡುಕುವುದು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಹಾಗೆ ಆಗುತ್ತದೆ.

ನಾನು ಬದಿಯಡ್ಕದಲ್ಲಿ ಲೇತ್ ಇಟ್ಟುಕೊಂಡವನು. ಪಂಪಿನ ಶಾಫ್ಟ್, ಅಡಿಕೆ ಸುಲಿಯುವ ಮೆಶಿನ್ನಿನ ಬುಶ್, ಇಂಥದ್ದೇ ಕೆಲಸ. ಅದಕ್ಕೂ ಮುಂಚೆ ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಶಿನ್) ಶೆಡ್ಡಿನಲ್ಲಿದ್ದೆ. ಯೋ-ಯೋ ಸಂಜೆಯ ಹುಚ್ಚು. ಹಾಗಾಗಿ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಲೋಹದ ಹೆಸರು ನೋಡಿದರೆ ನನಗೆ ಮೊದಲು ನೆನಪಾಗುವುದು ಅದನ್ನು ಕಡಿಯಲು ಎಷ್ಟು ಹೊತ್ತು ಬೇಕು, ಎಷ್ಟು ಟೂಲ್ ಹಾಳಾಗುತ್ತದೆ ಎನ್ನುವುದು. ಆಟ ಆಮೇಲೆ.

ಯೋ-ಯೋ ಎಷ್ಟು ಹೊತ್ತು ತಿರುಗುತ್ತದೆ, ಎಷ್ಟು ನೆಟ್ಟಗೆ ನಿಲ್ಲುತ್ತದೆ ಎನ್ನುವುದು ಲೋಹದ ಹೆಸರಿನ ಮೇಲೆ ಇಲ್ಲ. ಭಾರ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಉಂಟು. ತೋಟದ ಹಳೇ ಡೀಸೆಲ್ ಪಂಪಿನ ಫ್ಲೈವೀಲ್ ನೋಡಿದ್ದೀರಲ್ಲ? ಭಾರವೆಲ್ಲ ಹೊರಗಿನ ಬಳೆಯಲ್ಲಿ. ಇಂಜಿನ್ ಬಂದ್ ಮಾಡಿದ ಮೇಲೂ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಇಲ್ಲೂ ಅದೇ ಲೆಕ್ಕ. ಆಕ್ಸಲ್‌ನಿಂದ, ಅಂದರೆ ಎರಡು ಅರ್ಧಗಳನ್ನು ಜೋಡಿಸುವ ನಡುವಿನ ಸರಳಿನಿಂದ, 13.5 ಮಿ.ಮೀ. ದೂರದಲ್ಲಿರುವ ಒಂದು ಗ್ರಾಂ ಲೋಹವನ್ನು 27 ಮಿ.ಮೀ. ದೂರಕ್ಕೆ, ಅಂದರೆ ಅಂಚಿಗೆ ಸರಿಸಿದರೆ ಅದರ ಜಡತ್ವ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗೆ.

ಹಾಗಾದರೆ ಭಾರ ಜಾಸ್ತಿ ಮಾಡುತ್ತಾ ಹೋದರಾಯಿತಲ್ವಾ? ಆಗುವುದಿಲ್ಲ. ಬೆರಳಿನ ಕಥೆ ಮುಗಿಯುತ್ತದೆ. ದಾರದ ಟ್ರಿಕ್ ಆಡುವ ಈಗಿನ ಯೋ-ಯೋಗಳು ಹೆಚ್ಚಾಗಿ 62ರಿಂದ 68 ಗ್ರಾಂ ಒಳಗೇ ಇರುತ್ತವೆ, ಅಡ್ಡಳತೆ 54ರಿಂದ 57 ಮಿ.ಮೀ. ಆಸುಪಾಸು. ಈ ಮಿತಿಯೊಳಗೆ ನಡುವಿನಿಂದ ಎಷ್ಟು ಕೆರೆದು ಅಂಚಿಗೆ ಎಷ್ಟು ಉಳಿಸಬಹುದು ಎನ್ನುವುದೇ ಡಿಸೈನ್ ಮಾಡುವವನ ತಲೆನೋವು. ದುಬಾರಿ ಲೋಹ ಇಲ್ಲಿ ಅವನಿಗೆ ಸ್ವಲ್ಪ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ. ಅವನಿಗೆ, ನಿಮಗಲ್ಲ. ಅವನು ಆ ಸ್ವಾತಂತ್ರ್ಯವನ್ನು ಬಳಸದೆ ಇದ್ದರೆ ನೀವು ಕೊಟ್ಟ ದುಡ್ಡು ನೀರಿಗೆ.

ಈಗ ಲೋಹಗಳಿಗೆ ಬರುತ್ತೇನೆ. ನಿಮ್ಮ 6061 ಅಲ್ಯೂಮಿನಿಯಂ ಮತ್ತು ಅದಕ್ಕಿಂತ ದುಬಾರಿಯ 7075, ಎರಡರ ಸಾಂದ್ರತೆ ಹೆಚ್ಚುಕಡಿಮೆ ಒಂದೇ: ಘನ ಸೆಂ.ಮೀ.ಗೆ 2.7 ಗ್ರಾಂ ಮತ್ತು 2.8 ಗ್ರಾಂ. ಗಟ್ಟಿತನದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. 6061 ಸುಮಾರು 275 ಮೆಗಾಪಾಸ್ಕಲ್ ಒತ್ತಡಕ್ಕೆ ಬಗ್ಗಲು ಶುರುವಾದರೆ 7075 ಸುಮಾರು 500ರವರೆಗೆ ತಡೆಯುತ್ತದೆ. ಹಾಗಾಗಿ ನಡುವಿನ ಗೋಡೆಯನ್ನು ಇನ್ನಷ್ಟು ತೆಳ್ಳಗೆ ಮಾಡಬಹುದು, ಉಳಿಸಿದ ಗ್ರಾಂಗಳನ್ನು ಅಂಚಿಗೆ ಹಾಕಬಹುದು. ಮುರಕಲ್ಲಿನ ಮೆಟ್ಟಿಲಿಗೆ ತಾಗಿದರೂ ಬೇಗ ತಗ್ಗು ಬೀಳುವುದಿಲ್ಲ. ಆದರೆ ಒಂದೇ ಡಿಸೈನನ್ನು ಎರಡರಲ್ಲೂ ಕಡಿದು ಕೈಗೆ ಕೊಟ್ಟರೆ, ಕಣ್ಣು ಮುಚ್ಚಿ ಆಡಿ ಇದು ಇದೇ ಎಂದು ಹೇಳುವವರು ನನಗಂತೂ ಇನ್ನೂ ಸಿಕ್ಕಿಲ್ಲ.

ಇನ್ನು ಬೈಮೆಟಲ್. ಸ್ಟೇನ್‌ಲೆಸ್ ಸ್ಟೀಲಿನ ಸಾಂದ್ರತೆ ಸುಮಾರು 8, ಅಲ್ಯೂಮಿನಿಯಂನ ಮೂರು ಪಟ್ಟು. ಅಲ್ಯೂಮಿನಿಯಂ ದೇಹಕ್ಕೆ ಅಂಚಿನಲ್ಲಿ ಸ್ಟೀಲಿನ ಅಥವಾ ಹಿತ್ತಾಳೆಯ ಬಳೆ ಒತ್ತಿ ಕೂರಿಸಿದರೆ ಒಟ್ಟು ಭಾರ ಏರಿಸದೆಯೇ ಅಂಚು ಭಾರವಾಗುತ್ತದೆ. ಇದು ಆಟದಲ್ಲಿ ಗೊತ್ತಾಗುತ್ತದೆ, ಹೊಸಬರಿಗೂ ಗೊತ್ತಾಗುತ್ತದೆ. ಓರೆಯಾಗಿ ಎಸೆದರೂ ಬೇಗ ವಾಲುವುದಿಲ್ಲ, ಕಾಂಬೊದ ಕೊನೆಯಲ್ಲೂ ಬೈಂಡ್ ಮಾಡುವಷ್ಟು ತಿರುಗು ಉಳಿದಿರುತ್ತದೆ. ದುಡ್ಡಿಗೆ ಸರಿಯಾಗಿ ಆಟ ಕೊಡುವುದು ನನ್ನ ಲೆಕ್ಕದಲ್ಲಿ ಇದೊಂದೇ. ತೊಂದರೆ ಇಲ್ಲ ಅಂತಲ್ಲ. ಬಳೆ ಕೂರುವ ಜಾಗ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಆಚೀಚೆ ಆದರೂ ನಡುಕ ಶುರುವಾಗುತ್ತದೆ. ಕಲ್ಲಿನ ಮೇಲೆ ಜೋರಾಗಿ ಬಿದ್ದರೆ ಬಳೆ ಅಲುಗುವುದೂ ಉಂಟು. ದಿಕ್ಕು ಬದಲಿಸುವಾಗ ಕೈಗೆ ಸ್ವಲ್ಪ ಮಂದ ಅನಿಸುತ್ತದೆ. ಚಕಚಕನೆ ಆಡುವ ಕೆಲವರಿಗೆ ಅದು ಹಿಡಿಸುವುದಿಲ್ಲ.

ಟೈಟಾನಿಯಂನ ಸಾಂದ್ರತೆ 4.4. ಅಲ್ಯೂಮಿನಿಯಂಗೂ ಸ್ಟೀಲಿಗೂ ನಡುವೆ. ಇಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಉಂಟು. ಅಂಚಿಗೆ ಭಾರ ಕಟ್ಟುವ ವಿಷಯದಲ್ಲಿ ಬರೀ ಟೈಟಾನಿಯಂನಿಂದ ಮಾಡಿದ್ದು ಸ್ಟೀಲ್ ಬಳೆಯ ಅಲ್ಯೂಮಿನಿಯಂನ್ನು ಹಿಂದೆ ಹಾಕುವುದು ಕಷ್ಟ. ಟೈಟಾನಿಯಂಗೂ ಸ್ಟೀಲ್ ಬಳೆ ಹಾಕಿದ್ದು ಬರುತ್ತದೆ, ಅದರ ಬೆಲೆ ಇನ್ನೂ ಮೇಲೆ.

ಹಾಗಾದರೆ ಇಷ್ಟು ದುಬಾರಿ ಯಾಕೆ? ಕಚ್ಚಾಲೋಹದ ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡದು ಕಡಿಯುವ ಖರ್ಚು. ಅಲ್ಯೂಮಿನಿಯಂನ್ನು ಕಾರ್ಬೈಡ್ ಟೂಲ್ ಹಾಕಿ ನಿಮಿಷಕ್ಕೆ 300 ಮೀಟರ್ ವೇಗದಲ್ಲಿ ಆರಾಮಾಗಿ ಕಡಿಯಬಹುದು. ಯೋ-ಯೋಗಳಿಗೆ ಸಾಮಾನ್ಯವಾಗಿ ಬಳಸುವ ಗ್ರೇಡ್ 5 ಟೈಟಾನಿಯಂನಲ್ಲಿ 50-60 ಮೀಟರ್ ದಾಟಿದರೆ ಟೂಲಿನ ಗತಿ ಅಷ್ಟೇ. ಆ ಲೋಹಕ್ಕೆ ಬಿಸಿ ಸಾಗಿಸುವ ಗುಣ ಬಹಳ ಕಡಿಮೆ, ಅಲ್ಯೂಮಿನಿಯಂನ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಕಡಿಯುವಾಗ ಹುಟ್ಟಿದ ಬಿಸಿ ಚೂರಿನ ಜೊತೆ ಹೊರಗೆ ಹೋಗದೆ ಟೂಲಿನ ತುದಿಯಲ್ಲೇ ನಿಲ್ಲುತ್ತದೆ. ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ: ಮೊದಲು ಬೆಳ್ಳಗೆ ಸುರುಳಿಯಾಗಿ ಬರುತ್ತಿದ್ದ ಚೂರು ನಿಧಾನಕ್ಕೆ ಹಳದಿಯಾಗುತ್ತದೆ, ಆಮೇಲೆ ನೀಲಿ. ಸದ್ದು ಬದಲಾಗುತ್ತದೆ. ನಿಲ್ಲಿಸಿ ಟೂಲ್ ತೆಗೆದು ಉಗುರಿನಿಂದ ಸವರಿದರೆ ಅಂಚು ಹೋಗಿರುತ್ತದೆ. ಗೋಡೆ ತೆಳ್ಳಗಾದಷ್ಟೂ ಟೂಲಿನ ಒತ್ತಡಕ್ಕೆ ಅದು ಬಾಗಿ ವಾಪಸ್ ಚಿಮ್ಮುತ್ತದೆ, ಅಳತೆ ತಪ್ಪುತ್ತದೆ. ಎರಡು ಅರ್ಧಗಳೂ ಒಂದೇ ತೂಕ, ಒಂದೇ ಕೇಂದ್ರಕ್ಕೆ ಬರಬೇಕಲ್ಲ? ಬಾರದಿದ್ದದ್ದು ಗುಜರಿಗೆ. ನೀವು ಕೊಡುವ 22,000ದಲ್ಲಿ ಒಳ್ಳೆ ಪಾಲು ಹೀಗೆ ಸವೆದ ಟೂಲಿಗೆ, ಮೆಶಿನ್ ನಡೆದ ಗಂಟೆಗಳಿಗೆ, ಗುಜರಿಗೆ ಹೋಗುತ್ತದೆ. ಅದು ಮೋಸ ಅಲ್ಲ, ನಿಜವಾದ ಖರ್ಚು. ಆದರೆ ಖರ್ಚಾದದ್ದೆಲ್ಲ ಆಟಕ್ಕೆ ಬರುವುದಿಲ್ಲ.

ಟೈಟಾನಿಯಂ ಸುಮ್ನೆ ಅಂತಲೂ ನಾನು ಹೇಳುವುದಿಲ್ಲ. ಅದರ ಸುಖವೇ ಬೇರೆ. ಬಿದ್ದರೆ ಸುಲಭಕ್ಕೆ ತಗ್ಗು ಬೀಳುವುದಿಲ್ಲ. ಉಪ್ಪುಗಾಳಿಗೆ, ಬೆವರಿಗೆ ಏನೂ ಆಗುವುದಿಲ್ಲ. ದಾರ ಬಂದು ಬಡಿದಾಗ ಗಂಟೆಯ ಹಾಗೆ ಸಣ್ಣಗೆ ಮೊಳಗುತ್ತದೆ. ತೆಳ್ಳಗಿನ ಗೋಡೆಯಿಂದಾಗಿ ಕೈಗೆ ಒಂಥರಾ ಜೀವ ಇದ್ದಂತೆ ಅನಿಸುತ್ತದೆ, ಅದನ್ನು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಮತ್ತೆ ಕಾಂಕ್ರೀಟಿಗೆ ತಾಗಿಸಿದರೆ ಬೆಳ್ಳಗೆ ಕಿಡಿ ಹಾರುತ್ತದೆ. ರಾತ್ರಿ ಹೊತ್ತು ಮಕ್ಕಳೆಲ್ಲ ಓಡಿ ಬರುತ್ತಾರೆ. ಒಂದು ಮಾತು ಮಾರಾಯ್ರೇ, ಅಡಿಕೆ ಒಣಹಾಕಿದ ಅಂಗಳದಲ್ಲಿ, ಸೋಗೆಯ, ಬೈಹುಲ್ಲಿನ ಹತ್ತಿರ ಈ ಆಟ ಬೇಡ. ಅದು ನಿಜವಾದ ಬೆಂಕಿಯ ಕಿಡಿ. ಇಷ್ಟೆಲ್ಲ ಬೇಕು, ದುಡ್ಡೂ ಉಂಟು ಅಂತಾದರೆ ಖಂಡಿತ ತೆಗೆದುಕೊಳ್ಳಿ. ಚಂದದ ವಸ್ತು ಇಷ್ಟ ಅಂತ ಕೊಂಡರೆ ತಪ್ಪೇನು? ಕಾಂಬೊ ಉದ್ದವಾಗಲಿ ಅಂತ ಕೊಂಡರೆ ಮಾತ್ರ ಬೇಸರ ಆಗುತ್ತದೆ.

ಮೆಗ್ನೀಸಿಯಂನದ್ದೂ ಕೆಲವು ಬರುತ್ತವೆ, ಬಹಳ ಹಗುರ. ಕುಂಬಳೆ, ಉಪ್ಪಳದಂಥ ಕಡಲ ಬದಿಯವರು ಅದರ ಸಹವಾಸಕ್ಕೆ ಹೋಗಬೇಡಿ. ಉಪ್ಪಿನ ತೇವಕ್ಕೆ ಬೇಗ ತಿಂದುಹೋಗುವ ಲೋಹ ಅದು.

ಪ್ಲಾಸ್ಟಿಕ್ ಅಂದ ಕೂಡಲೇ ಜಾತ್ರೆಯ ಸಂತೆಯಲ್ಲಿ ಸಿಗುವ ಆಟಿಕೆ ನೆನಪಾಗುತ್ತದೆ, ಅಲ್ವಾ? ಎರಡೂ ಕೈಯಲ್ಲಿ ಒಂದೊಂದು ಹಿಡಿದು ಲೂಪ್ (ವಾಪಸ್ ಬಂದದ್ದನ್ನು ನಿಲ್ಲಿಸದೆ ಮತ್ತೆ ಮತ್ತೆ ಮುಂದೆ ಎಸೆಯುವುದು) ಆಡುವ 2ಎ ಎಂಬ ವಿಭಾಗ ಉಂಟು. ಜಪಾನಿನ ಶಿಂಜಿ ಸೈಟೊ ಹತ್ತಕ್ಕೂ ಹೆಚ್ಚು ಬಾರಿ ವಿಶ್ವ ಚಾಂಪಿಯನ್ ಆದದ್ದು ಅದರಲ್ಲೇ. ಆ ಆಟವನ್ನು ವಿಶ್ವಮಟ್ಟದಲ್ಲೂ ಪ್ಲಾಸ್ಟಿಕ್ ಯೋ-ಯೋದಲ್ಲೇ ಆಡುತ್ತಾರೆ. ಲೂಪ್‌ಗೆ ಬೇಕಾದದ್ದು ಹಗುರ, ಕೈಗೆ ಬೇಗ ವಾಪಸ್ ಬರುವ ಗುಣ. ಅಂಚಿನ ಭಾರ ಅಲ್ಲಿ ಅಡ್ಡಿ. ಇನ್ನು ದಾರದ ಟ್ರಿಕ್ಕಿಗೇ ಬಂದರೆ, 2014ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯ 1ಎ (ಒಂದೇ ಯೋ-ಯೋದಲ್ಲಿ ದಾರದ ಟ್ರಿಕ್) ವಿಭಾಗ ಗೆದ್ದ ಗೆಂಟ್ರಿ ಸ್ಟೈನ್ ಆಡಿದ್ದು ಯೋಯೋಫ್ಯಾಕ್ಟರಿಯ ಶಟರ್‌ನಲ್ಲಿ. ಬಳೆ ಗಿಳೆ ಏನೂ ಇಲ್ಲದ, ಬರೀ ಅಲ್ಯೂಮಿನಿಯಂನ, ಸಾಧಾರಣ ಬೆಲೆಯ ಯೋ-ಯೋ ಅದು.

ಹಳೇ ಕಥೆಯೂ ಇದನ್ನೇ ಹೇಳುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದ ಹಲ್ಲಿನ ಡಾಕ್ಟರ್ ಟಾಮ್ ಕುನ್ 1990ರಲ್ಲಿ ಅಲ್ಯೂಮಿನಿಯಂನ ಎಸ್‌ಬಿ-2 ಮಾರುಕಟ್ಟೆಗೆ ತಂದಾಗ ಆಟವನ್ನು ನಿಜವಾಗಿ ಬದಲಿಸಿದ್ದು ಅದರ ಹೊಳಪಿನ ಲೋಹ ಅಲ್ಲ, ಒಳಗಿದ್ದ ಬಾಲ್ ಬೇರಿಂಗ್. ಇಂದಿಗೂ ಹಾಗೇ. ಆದ್ದರಿಂದ ನಿಮ್ಮ ಯೋ-ಯೋವನ್ನು ಮೊದಲು ಬಿಚ್ಚಿ ನೋಡೋಣ.

ಒಂದು ಪರೀಕ್ಷೆ ಮಾಡಿ. ಜೋರಾಗಿ, ನೆಟ್ಟಗೆ ಎಸೆದು ಯಾವ ಟ್ರಿಕ್ಕೂ ಮಾಡದೆ ಸುಮ್ಮನೆ ತಿರುಗಲು ಬಿಡಿ. ಮೊಬೈಲ್‌ನಲ್ಲಿ ಸಮಯ ನೋಡಿ. ಎರಡು ನಿಮಿಷ ದಾಟಿದರೆ ಯೋ-ಯೋ ಆರೋಗ್ಯವಾಗಿದೆ, ತೊಂದರೆ ಎಸೆತದಲ್ಲಿ. ಒಂದು ನಿಮಿಷದೊಳಗೆ ನಿಂತರೆ ಬೇರಿಂಗ್ ನೋಡಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬಾಟಿನೊಳಗಿನ ಬಟ್ಟೆಗೇ ಬೂಸಲು ಬರುತ್ತದೆ, ಎಣ್ಣೆ ಇಲ್ಲದ ಬೇರಿಂಗ್ ಉಳಿಯುತ್ತದಾ? ಅದನ್ನು ಹೊರಗೆ ತೆಗೆದು ಪೆನ್ಸಿಲಿನ ತುದಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ. ಮರಳು ಸಿಕ್ಕಿದಂತೆ ಗರಗರ ಅಂದರೆ, ಗಕ್ಕನೆ ನಿಂತರೆ, ತೊಳೆಯಬೇಕು. ಬದಿಯ ಸಣ್ಣ ತಂತಿಯ ರಿಂಗ್ ಸೂಜಿಯಿಂದ ಎಬ್ಬಿಸಿ ಮುಚ್ಚಳ ತೆಗೆಯಿರಿ. ಸಣ್ಣ ಗಾಜಿನ ಕುಪ್ಪಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬೇರಿಂಗ್ ಮುಳುಗಿಸಿ ಅಲ್ಲಾಡಿಸಿ. ಬೆಂಕಿ ಹತ್ತಿರ ಬೇಡ. ಚೆನ್ನಾಗಿ ಒಣಗಿದ ಮೇಲೆ ಹೊಲಿಗೆ ಮೆಶಿನ್ನಿನ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಒಂದು ಚಿಕ್ಕೆಯಷ್ಟು ಮುಟ್ಟಿಸಿ. ಒಂದೇ ಚಿಕ್ಕೆ. ಜಾಸ್ತಿಯಾದರೆ ಕೈಗೆ ತಾನಾಗಿ ವಾಪಸ್ ಏರಿ ಬರುತ್ತದೆ, ಬೆರಳ ಗಂಟಿಗೆ ಪೆಟ್ಟು ಬೀಳುತ್ತದೆ. ತೆಂಗಿನೆಣ್ಣೆ ಬೇಡ, ಅಂಟು ಕಟ್ಟುತ್ತದೆ.

ಹೊಸದೇ ಬೇಕಾದರೆ ಯೋ-ಯೋ ಅಂತ ಕೇಳಬೇಕಾಗಿಲ್ಲ. ಹೆಚ್ಚಿನ ಲೋಹದ ಯೋ-ಯೋಗಳಲ್ಲಿ ಇರುವುದು ಸಿ ಸೈಜ್ ಬೇರಿಂಗ್. ಬೇರಿಂಗ್ ಅಂಗಡಿಯವರ ಭಾಷೆಯಲ್ಲಿ ಅದೇ ಆರ್188. ಒಳಗೆ 6.35, ಹೊರಗೆ 12.7, ದಪ್ಪ 4.76 ಮಿ.ಮೀ. ಕೈಯಲ್ಲಿ ತಿರುಗಿಸುವ ಸ್ಪಿನ್ನರ್ ಒಂದು ಕಾಲದಲ್ಲಿ ಎಲ್ಲ ಮಕ್ಕಳ ಕೈಯಲ್ಲಿತ್ತಲ್ಲ, ಅದರಲ್ಲೂ ಎಷ್ಟೋ ಕಡೆ ಇದನ್ನೇ ಹಾಕುತ್ತಿದ್ದರು. ಮಂಗಳೂರಿನ ಬೇರಿಂಗ್ ಅಂಗಡಿಗಳಲ್ಲಿ ಕೇಳಿ ನೋಡಿ, ಸ್ಟೇನ್‌ಲೆಸ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಒಳಗೆ ಗ್ರೀಸ್ ತುಂಬಿರುತ್ತದೆ, ಮೇಲೆ ಹೇಳಿದ ಹಾಗೆ ತೊಳೆಯದೆ ಹಾಕಬೇಡಿ. ಸೆರಾಮಿಕ್ ಗುಂಡಿನ ಬೇರಿಂಗ್‌ಗೆ ಒಂದೂವರೆ ಸಾವಿರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಗುಂಡು ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದರ ಸುತ್ತ ಇರುವ ರಿಂಗ್ ಸ್ಟೀಲಿನದ್ದೇ.

ಬೇರಿಂಗ್ ಸರಿ ಇದ್ದೂ ಕಾಂಬೊ ಸಾಯುತ್ತದೆ ಅಂದರೆ ಯೋ-ಯೋ ವಾಲುತ್ತಿದೆ. ವಾಲಿದ ಕೂಡಲೇ ದಾರ ಒಳಗೋಡೆಗೆ ಉಜ್ಜುತ್ತದೆ. ಬೇರಿಂಗ್ ಒಂದು ನಿಮಿಷದಲ್ಲಿ ತಿನ್ನುವ ತಿರುಗನ್ನು ಹಾಗೆ ಉಜ್ಜುವ ದಾರ ನಾಲ್ಕೈದು ಸೆಕೆಂಡಿನಲ್ಲಿ ತಿಂದುಬಿಡುತ್ತದೆ. ಬಾಗಿಲಿನ ಚೌಕಟ್ಟಿಗೆ ಎದುರಾಗಿ ನಿಂತು ಎಸೆಯಿರಿ. ನೇರ ಇಳಿದ ದಾರ ಮತ್ತು ದಾರಂದದ ಗೆರೆ ಒಂದಕ್ಕೊಂದು ಸಮ ಉಂಟಾ ನೋಡಿ. ಬಲಗೈಯವರು ಹೆಚ್ಚಾಗಿ ಮಣಿಕಟ್ಟನ್ನು ಒಳಗೆ ತಿರುಚಿ ಬಿಡುತ್ತಾರೆ. ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಅದು ಸ್ಪಷ್ಟ ಕಾಣುತ್ತದೆ. ದಾರವೂ ಹೊಸದಿರಲಿ. ಪಾಲಿಯೆಸ್ಟರ್ ದಾರ ನಮ್ಮ ಹವೆಗೆ ಒಳ್ಳೆಯದು, ಹತ್ತಿಯದ್ದು ತೇವ ಕುಡಿದು ಭಾರವಾಗುತ್ತದೆ. ನೆಲದಿಂದ ಹೊಕ್ಕುಳವರೆಗೆ ಬಂದರೆ ಉದ್ದ ಸರಿ. ಎಳೆ ಎದ್ದು ನಾರು ನಾರಾದರೆ ಎಸೆಯಿರಿ, ಐದು ಹತ್ತು ರೂಪಾಯಿಯ ಮುಖ ನೋಡಬೇಡಿ.

ಇಷ್ಟಾದ ಮೇಲೂ ಹೊಸದು ಬೇಕು ಅನಿಸಿದರೆ ಭಾವನವರಿಗೆ ಏನು ಹೇಳಬೇಕು? ಬೈಮೆಟಲ್, 7075 ದೇಹ ಇದ್ದರೆ ಒಳ್ಳೆಯದು, 6061 ಆದರೂ ನಷ್ಟ ಇಲ್ಲ. ತೂಕ 63-66 ಗ್ರಾಂ. ಅಡ್ಡಳತೆ 56 ಮಿ.ಮೀ. ಹತ್ತಿರ. ಅಗಲ 44 ಮಿ.ಮೀ. ಮೇಲೆ ಇದ್ದರೆ ದಾರದ ಮೇಲೆ ಇಳಿಸುವುದು ಸುಲಭ. ಒಳಗೋಡೆ ಬೇರಿಂಗ್‌ನಿಂದ ಅಂಚಿಗೆ ನೆಟ್ಟಗೆ ಓರೆಯಾಗಿ ಹೋಗಿರಲಿ. ಗುಂಡಗೆ ಉಬ್ಬಿದ್ದರೆ ದಾರ ಹೆಚ್ಚು ತಾಗುತ್ತದೆ. ಸಿ ಸೈಜ್ ಬೇರಿಂಗ್, 19 ಮಿ.ಮೀ. ಸಿಲಿಕೋನ್ ಪ್ಯಾಡ್ (ಬೈಂಡ್ ಮಾಡುವಾಗ ದಾರವನ್ನು ಹಿಡಿಯುವ ಒಳಗಿನ ರಿಂಗ್), ಎಂ4 ಆಕ್ಸಲ್. ಈ ಮೂರೂ ಮಾಮೂಲಿ ಅಳತೆಯಲ್ಲೇ ಇರಬೇಕು ಎನ್ನುವುದು ನನ್ನ ಹಠ. ವಿಚಿತ್ರ ಅಳತೆಯ ಪ್ಯಾಡ್ ಇರುವ ಯೋ-ಯೋ ಎಷ್ಟು ಚಂದ ಇದ್ದರೂ ಮುಳ್ಳೇರಿಯದಲ್ಲಿ ಕೂತು ಅದಕ್ಕೆ ಬಿಡಿಭಾಗ ಎಲ್ಲಿಂದ ತರುತ್ತೀರಿ? ದಾರದ ದೊಡ್ಡ ಕಟ್ಟು, ಎರಡು ಜೊತೆ ಪ್ಯಾಡ್ ಅದರ ಜೊತೆಗೇ ಬರಲಿ.

ಅಂಗಡಿಯಲ್ಲಿ ಕೈಗೆ ಕೊಡುತ್ತಾರೆ ಅಂತಾದರೆ ಒಮ್ಮೆ ಎಸೆದು, ತಿರುಗುತ್ತಿರುವಾಗ ಉಗುರನ್ನು ಅಂಚಿಗೆ ಮೆಲ್ಲ ತಾಗಿಸಿ ನೋಡಲು ಹೇಳಿ. ಬರೀ ಸವರಿದ ಹಾಗೆ ಆದರೆ ಒಳ್ಳೆಯದು. ಟರ್ರ್ ಅಂತ ಬಡಿದರೆ ನಡುಕ ಉಂಟು. ಆಗಲೂ ಕೂಡಲೇ ಬೇಡ ಅನ್ನಬೇಕಾಗಿಲ್ಲ. ಬಿಚ್ಚಿ ಒಂದು ಅರ್ಧವನ್ನು ಬೇರೆ ರೀತಿ ಕೂರಿಸಿ ಮತ್ತೆ ಬಿಗಿದರೆ ಕೆಲವೊಮ್ಮೆ ಹೋಗುತ್ತದೆ.

ಭಾವನವರು ತಾರದೆ ನೀವೇ ಹೊರದೇಶದಿಂದ ಪಾರ್ಸೆಲ್ ತರಿಸುವುದಾದರೆ ಸುಂಕದ ಲೆಕ್ಕ ಮೊದಲೇ ಹಾಕಿ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತ್ತು. ಆರ್ಡರ್ ಮಾಡುವ ದಿನದ ದರ ಕೊರಿಯರ್‌ನವರಲ್ಲೇ ಕೇಳಿಕೊಳ್ಳಿ. 9,000ದ ಯೋ-ಯೋ ಮನೆ ಬಾಗಿಲಿಗೆ ಬರುವಾಗ 9,000ದಲ್ಲೇ ಉಳಿದಿರುತ್ತದೆ ಅಂತ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲೇ ಆಡುವವರು ಮಾರುವ ಹಳೇದು ಸಿಕ್ಕಿದರೆ ನಾನಾದರೆ ಅದನ್ನೇ ನೋಡುತ್ತೇನೆ. ಮೇಲಿನ ಬಣ್ಣದ ಗೀರಿಗೆ ಹೆದರಬೇಡಿ. ಆಕ್ಸಲ್ ಬಿಚ್ಚಿ ಥ್ರೆಡ್ ತೋರಿಸುವ ಫೋಟೊ ಮಾತ್ರ ಕೇಳಿ.

ಯಾಕೆಂದರೆ ಯೋ-ಯೋ ಸಾಯುವುದು ಹೆಚ್ಚಾಗಿ ಥ್ರೆಡ್ಡಿನಿಂದ. ಆಕ್ಸಲ್ ಸ್ಟೀಲಿನದ್ದು, ದೇಹ ಮೆತ್ತಗಿನ ಅಲ್ಯೂಮಿನಿಯಂ. ಗಂಟು ಬಿಡಿಸಲು ದಿನಕ್ಕೆ ಹತ್ತು ಸಲ ಬಿಚ್ಚಿ, ಪ್ರತಿ ಸಲವೂ ಬಲ ಹಾಕಿ ತಿರುಗಿಸಿದರೆ ಥ್ರೆಡ್ ಪುಡಿಯಾಗಿ ಬರುತ್ತದೆ. ಟೈಟಾನಿಯಂನಲ್ಲಿ ಅದು ಪುಡಿಯಾಗುವ ಬದಲು ಕಚ್ಚಿಕೊಳ್ಳುತ್ತದೆ, ಬಿಚ್ಚಲೇ ಬರುವುದಿಲ್ಲ. ಹಾಗಾಗಿ ಯಾವ ಲೋಹವಾದರೂ ಹೀಗೆ ಮಾಡಿ: ಎರಡು ಅರ್ಧ ಸೇರಿಸಿದ ಮೇಲೆ ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲ ತಿರುಗಿಸಿ. ಥ್ರೆಡ್ಡಿನ ಬಾಯಿಗೆ ಬಾಯಿ ಸಿಕ್ಕಿದಾಗ ಟಕ್ ಅಂತ ಚೂರು ಇಳಿಯುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ಬನ್ನಿ. ಬೆರಳಿನ ಬಲಕ್ಕೆ ನಿಂತಲ್ಲಿಗೆ ಸಾಕು.